ಹಜಲ್ ಹಿಂದೆ ಓಡಿದ ಮೂರು ವಾರ

ಬೇಟೆಯ ಬಗ್ಗೆ ಬರೆಯಲು ಕುಳಿತಿದ್ದೇನೆಂದರೆ ನನ್ನನ್ನು ಬಲ್ಲವರು ನಗುತ್ತಾರೆ. ನಗಲಿ. ನಾನು ಜೀವಮಾನದಲ್ಲಿ ಒಂದು ಗುಂಡೂ ಹಾರಿಸಿದವನಲ್ಲ. ಅರಬರ ನಾಡಿನ ತಾಯಿಫಿನಲ್ಲಿ ಇಕಾಮಾ ಎಂಬ ವಾಸದ ಪರವಾನಗಿಯ ಮೇಲೆ ಬದುಕುವ ನಮ್ಮಂಥ ಹೊರಗಿನವರು ಬಂದೂಕು ಮುಟ್ಟುವಂತಿರಲಿಲ್ಲ. ಮುಟ್ಟಬೇಕೆಂಬ ಆಸೆಯೂ ನನಗಿರಲಿಲ್ಲ. ಆದರೆ ಬೇಟೆಯಲ್ಲಿ ಬಂದೂಕಿನ ಕೆಲಸ ಒಂದು ಕ್ಷಣದ್ದು. ಅದಕ್ಕೆ ಮೊದಲು ಸುಮ್ಮನೆ ಕೂರಬೇಕು, ಆಮೇಲೆ ಓಡಬೇಕು, ಮನೆಗೆ ತಂದ ಮೇಲೆ ಒಬ್ಬರು ತಿನ್ನುವ ಹಾಗೆ ಬೇಯಿಸಬೇಕು. ಈ ಕೆಲಸಗಳನ್ನೆಲ್ಲ ನಾನು ಮಾಡಿದ್ದೇನೆ, ಎಲ್ಲದರಲ್ಲೂ ತಪ್ಪಿದ್ದೇನೆ. ತಪ್ಪಿದವನ ಮಾತು ಕೇಳುವುದು ಯಾವಾಗಲೂ ಲಾಭ.

ಎಂಬತ್ತರ ದಶಕದ ನಡುವಿನ ವರ್ಷಗಳು. ತಾಯಿಫಿನಲ್ಲಿ ನನ್ನದೊಂದು ಕಲ್ಲಿನ ಅಂಗಡಿಯಿತ್ತು. ಗೋಡೆಗೆ ಹಚ್ಚುವ ಕಲ್ಲು, ನೆಲದ ಟೈಲ್ಸ್, ಸಿಮೆಂಟ್ ಬ್ಲಾಕ್. ಮೊದಲು ಅದೇ ಅಂಗಡಿಯಲ್ಲಿ ಲಾರಿಯಿಂದ ಕಲ್ಲು ಇಳಿಸುತ್ತಿದ್ದವನು ನಾನು. ಯಾವ ಕಲ್ಲು ಬಿಸಿಲಿಗೆ ಬಣ್ಣ ಬಿಡುತ್ತದೆ, ಯಾವ ಗಿರಾಕಿ ನೋಡಿ ಹೋಗಲು ಬಂದವನು, ಯಾರು ಕೊಳ್ಳಲೆಂದೇ ಬಂದವನು ಎಂಬುದನ್ನು ತಲೆಯ ಮೇಲೆ ಹೊರೆ ಹೊತ್ತುಕೊಂಡೇ ಕಲಿತೆ. ನನ್ನ ಕಫೀಲ್, ಅಂದರೆ ಆ ದೇಶದಲ್ಲಿ ನನಗೆ ಜವಾಬ್ದಾರನಾದ ಅರಬ, ಗಡ್ಡಕ್ಕೆ ಮದರಂಗಿ ಹಚ್ಚುತ್ತಿದ್ದ ಅರವತ್ತು ದಾಟಿದ ಮನುಷ್ಯ. ಅಂಗಡಿ ನಡೆಸುವ ತಲೆನೋವು ಸಾಕಾಗಿ ನನಗೆ ಬಿಟ್ಟು, ತಾನು ಬೆಟ್ಟ ಸುತ್ತುತ್ತಿದ್ದ. ನಾನು ಅವನನ್ನು 'ಯಾ ಅಮ್ಮಿ' ಎಂದು ಕರೆಯುತ್ತಿದ್ದೆ, ಚಿಕ್ಕಪ್ಪಾ ಎಂದ ಹಾಗೆ. ಅವನು ನನ್ನನ್ನು 'ಸದೀಕ್' ಎನ್ನುತ್ತಿದ್ದ. ಗೆಳೆಯ ಎಂದು ಅರ್ಥ, ಆದರೆ ಅಲ್ಲಿ ಎಲ್ಲ ಹಿಂದೂಸ್ತಾನಿ ಕೆಲಸಗಾರರನ್ನೂ ಹಾಗೆಯೇ ಕರೆಯುತ್ತಾರೆ. ನನ್ನನ್ನು ಕರೆಯುವಾಗ ಸ್ವಲ್ಪ ಅರ್ಥವಿಟ್ಟೇ ಕರೆಯುತ್ತಿದ್ದ ಎಂದು ನನ್ನ ನಂಬಿಕೆ.

ಆ ವರ್ಷ ಹೆಂಡತಿಯನ್ನು ಊರಿನಿಂದ ಕರೆಸಿಕೊಂಡೆ. ಮದುವೆಯಾಗಿ ಆರು ವರ್ಷಗಳಲ್ಲಿ ನಾವು ಒಟ್ಟಿಗೆ ಇದ್ದದ್ದು ಮೂರು ರಜೆ. ಫ್ಯಾಮಿಲಿ ವೀಸಾಕ್ಕೆ ನಾನು ಎಷ್ಟು ಬಾಗಿಲು ತಟ್ಟಿದೆ, ಎಷ್ಟು ಕಡೆ ಚಹಾ ಕುಡಿದೆ ಎಂಬುದೇ ಬೇರೆ ಕತೆ. ಹಳೆಯ ತಾಯಿಫಿನಲ್ಲಿ ಮೇಲಂತಸ್ತಿನ ಎರಡು ಕೋಣೆ, ಒಂದು ತಾರಸಿ ಹಿಡಿದೆ. ಅವಳು ಬಂದ ಎರಡನೇ ತಿಂಗಳಿಗೇ ಬಸುರಿಯಾದಳು. ಮೂರನೇ ತಿಂಗಳಿಗೆ ಅನ್ನ ಬಿಟ್ಟಳು.

ಬಸುರಿಯ ವಾಂತಿ ಎಲ್ಲ ಕಡೆ ಇರುವುದೇ ಎಂದು ನಾನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆದರೆ ನೀರೂ ನಿಲ್ಲದಾಯಿತು. ಬಳೆ ಮೊಣಕೈವರೆಗೆ ಜಾರುತ್ತಿತ್ತು. ಆಸ್ಪತ್ರೆಯಲ್ಲಿ ಹೈದರಾಬಾದಿನ ಕಡೆಯ ಒಬ್ಬ ಡಾಕ್ಟರಮ್ಮ ಇದ್ದರು. ತೂಕದ ಯಂತ್ರದ ಮೇಲೆ ಅವಳನ್ನು ನಿಲ್ಲಿಸಿ, ಕಾಗದ ನೋಡಿ, ನನಗೆ ಹೇಳಿದರು: "ಎರಡು ವಾರ ನೋಡೋಣ. ಇಳಿದ ತೂಕ ಏರದಿದ್ದರೆ ಇವರನ್ನು ತಾಯಿಯ ಮನೆಗೆ ಕಳಿಸಿಬಿಡಿ. ಇನ್ನೂ ಇಳಿದರೆ ಮಗುವಿಗೂ ಒಳ್ಳೆಯದಲ್ಲ, ಪ್ರಯಾಣವೂ ಆಗಲಿಕ್ಕಿಲ್ಲ."

"ಮೂರು ವಾರ ಮಾಡಿ ಡಾಕ್ಟರ್ ಸಾಹಿಬಾ."

"ಇದೇನು ತರಕಾರಿ ಮಾರ್ಕೆಟ್ಟೇ?"

"ಅಲ್ಲ. ಆದರೂ ಮೂರು ಮಾಡಿ."

ಅವರು ನನ್ನ ಮುಖ ನೋಡಿ, ಏನನ್ನಿಸಿತೋ, ಮೂರು ಎಂದು ಬರೆದರು. ನಡುವೆ ಮೂರ್ಛೆ ಹೋದರೆ ಅದೇ ಗಳಿಗೆಯಲ್ಲಿ ಕರೆತರಬೇಕೆಂಬ ಷರತ್ತಿನ ಮೇಲೆ. ಹೆಂಡತಿಗೆ ಉರ್ದು ಅಷ್ಟಕ್ಕಷ್ಟೆ. ಹೊರಗೆ ಬಂದು ನಾನೇ ಅವಳಿಗೆ ತಿಳಿಸಿದೆ. ಅವಳು ಹೂಂ ಎಂದಳು. ಆರು ವರ್ಷ ಕಾದು ತರಿಸಿಕೊಂಡವಳನ್ನು ಆರು ತಿಂಗಳೊಳಗೆ ವಿಮಾನ ಹತ್ತಿಸುವುದು ನನ್ನಿಂದಾಗದ ಕೆಲಸವಾಗಿತ್ತು. ಆದರೆ ಅದು ನನ್ನ ಕಡೆಯ ಮಾತು. ಅವಳ ಕಡೆಯದು ಏನೆಂದು ಅಂದು ನಾನು ಕೇಳಲಿಲ್ಲ.

ನನ್ನ ಮೊದಲ ಉಪಾಯ ಇಲ್ಲಿ ಹೇಳಲು ನಾಚಿಕೆಯಾಗುತ್ತದೆ. ಹಕ್ಕಿ ದೊಡ್ಡದಾದಷ್ಟೂ ಶಕ್ತಿ ಹೆಚ್ಚು ಎಂದು ಲೆಕ್ಕ ಹಾಕಿ, ದೊಡ್ಡ ಅಂಗಡಿಯಿಂದ ಕಲ್ಲಿನಂತೆ ಹೆಪ್ಪುಗಟ್ಟಿದ ಒಂದು ಟರ್ಕಿ ಕೋಳಿ ತಂದೆ. ನಮ್ಮ ಯಾವ ಪಾತ್ರೆಯಲ್ಲೂ ಅದು ಹಿಡಿಯಲಿಲ್ಲ. ಬಚ್ಚಲಿನ ಬಕೆಟ್ಟಿನಲ್ಲಿ ಎರಡು ದಿನ ಕರಗಿತು. ಕರಗಿದ ಮೇಲೆ ಬಂದ ವಾಸನೆಗೆ ಅವಳು ಬಚ್ಚಲಿಗೇ ಹೋಗದಾದಳು.

"ಎಂತದಿದು? ಆಡಿನ ಮರಿಯಾ?" ಮೂಗಿಗೆ ಸೆರಗು ಹಿಡಿದು ಕೇಳಿದಳು. ಮನೆಯಲ್ಲಿ ನಾವಾಡುವುದು ಬ್ಯಾರಿ ಭಾಷೆ. ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

"ಅಮೆರಿಕದ ಕೋಳಿ ಮಾರಾಯ್ತಿ. ಅಲ್ಲಿಯವರು ಇದನ್ನು ಕಾಡಲ್ಲಿ ಹುಡುಕಿ ಹೊಡೀತಾರಂತೆ."

"ಹುಡುಕುವುದೆಂತಕ್ಕೆ, ಇಷ್ಟು ದೊಡ್ಡದು ಕಣ್ಣಿಗೆ ಬೀಳುದಿಲ್ವಾ?" ಎಂದಳು. ನಗಲು ಹೋಗಿ ವಾಂತಿ ಬಂತು. ಟರ್ಕಿಯನ್ನು ಕೆಳಗಿನ ಮನೆಯ ಪಾಕಿಸ್ತಾನಿ ಡ್ರೈವರುಗಳಿಗೆ ಕೊಟ್ಟೆ. ಅವರು ನಾಲ್ಕು ದಿನ ತಿಂದರು. ಹೆಪ್ಪುಗಟ್ಟಿದ ಯಾವ ಮಾಂಸವನ್ನೂ ಬಾಣಂತಿ, ಬಸುರಿಯರ ಮನೆಯೊಳಗೆ ಕರಗಿಸಬೇಡಿ. ಇದು ನನ್ನ ಮೊದಲ ಸಲಹೆ.

ಆ ಸಂಜೆ ತಾರಸಿಯಲ್ಲಿ ಕೂತು ಅವಳೇ ಬಾಯಿ ಬಿಟ್ಟಳು. "ಬಾಪ ತರುತ್ತಿದ್ದ ಕಾಡುಕೋಳಿಯ ಸಾರು ಇದ್ದಿದ್ರೆ ಕುಡೀತಿದ್ದೆ ಅನ್ನಿಸ್ತದೆ."

ಅವಳ ಬಾಪ, ನನ್ನ ಮಾವ, ಘಟ್ಟದ ಬುಡದಲ್ಲಿ ಮರದ ಲಾರಿಗೆ ಲೋಡು ಮಾಡಿಸುತ್ತಿದ್ದವರು. ಬಿಡುವಿನಲ್ಲಿ ಶಿಕಾರಿಗೆ ಹೋಗುತ್ತಿದ್ದರು. ಹಕ್ಕಿಯ ಪುಕ್ಕ ಕೀಳುವುದು, ಒಳಗಿನದು ತೆಗೆಯುವುದು, ಸಾರು ಇಡುವುದು ಎಲ್ಲ ಅವಳಿಗೆ ಎಂಟು ವರ್ಷಕ್ಕೇ ಬರುತ್ತಿತ್ತು. ನಾನೋ ಬಂದರಿನ ಪಕ್ಕ ಬೆಳೆದವನು. ಮೀನಿನ ಕಿವಿರು ಎತ್ತಿ ನೋಡಿ ನಿನ್ನೆಯದೋ ಇವತ್ತಿನದೋ ಹೇಳಬಲ್ಲೆ, ಹಕ್ಕಿಯ ವಿಷಯದಲ್ಲಿ ಸೊನ್ನೆ.

ಮರುದಿನ ಕಫೀಲನ ಹತ್ತಿರ ನನ್ನ ಅಂಗಡಿ ಅರೇಬಿಕ್ಕಿನಲ್ಲಿ ಕೇಳಿದೆ: "ಯಾ ಅಮ್ಮಿ, ಬೆಟ್ಟದಲ್ಲಿ ಕೋಳಿ ಇದೆಯೇ? ದಜಾಜ್ ಜಬಲ್?"

ಅವನು ಹೊಟ್ಟೆ ಹಿಡಿದು ನಕ್ಕ. ಕಾರಣ ಕೇಳಿದ. ಹೇಳಿದೆ. ನಗು ನಿಲ್ಲಿಸಿ, "ಗುರುವಾರ ಬೆಳಿಗ್ಗೆ ಬಾ. ಬಿಳಿ ಬಟ್ಟೆ ಹಾಕಬೇಡ. ಅತ್ತರ್ ಹಚ್ಚಬೇಡ. ಬಾಯಿ ಬಿಡಬೇಡ," ಎಂದ.

ಮೊದಲೆರಡು ಮಾತು ಪಾಲಿಸಿದೆ.

ಶಫಾದ ಕಡೆಯ ಬೆಟ್ಟಗಳು ತಾಯಿಫಿಗಿಂತಲೂ ಎತ್ತರ. ಸೂರ್ಯ ಹುಟ್ಟುವ ಮೊದಲು ಅಲ್ಲಿ ಬೆರಳು ಮರಗಟ್ಟುತ್ತದೆ. ಒಂದು ಬಂಡೆಯ ಹಿಂದೆ ಗಾಳಿಗೆ ಮುಖ ಕೊಟ್ಟು ಕೂತೆವು. ಹೊಸಬರು ಇದನ್ನು ಗಮನಿಸಬೇಕು: ಗಾಳಿ ನಿಮ್ಮ ಮುಖಕ್ಕೆ ಬಡಿಯಬೇಕು, ಬೆನ್ನಿಗಲ್ಲ. ಬೆನ್ನಿಗೆ ಬಡಿದರೆ ನಮ್ಮ ಸದ್ದನ್ನು ಗಾಳಿಯೇ ಹೊತ್ತು ಹಕ್ಕಿಗೆ ಮುಟ್ಟಿಸುತ್ತದೆ. ಬಹಳ ಹೊತ್ತಾದ ಮೇಲೆ ಕಫೀಲ್ ನನ್ನ ತೋಳು ಹಿಡಿದು, ಎದುರಿನ ಇಳಿಜಾರು ತೋರಿಸಿ, ಉಸಿರಿನಲ್ಲೇ ಹೇಳಿದ: "ಹಜಲ್... ಹಜಲ್ ಕತೀರ್."

ಈಗ ಕೇಳಿ. ಅರೇಬಿಕ್ಕಿನಲ್ಲಿ ಕತೀರ್ ಎಂದರೆ ಬಹಳ, ಕಲ್ಲಿಗೆ ಹಜರ್ ಎನ್ನುತ್ತಾರೆ. ಹಗಲಿಡೀ ನಾನು ಅಂಗಡಿಯಲ್ಲಿ ಆಡುವ ಶಬ್ದವೇ ಅದು. ಹಜಲ್ ಎಂಬ ಇನ್ನೊಂದು ಶಬ್ದ ಇದೆ, ಅದೊಂದು ಹಕ್ಕಿಯ ಹೆಸರು ಎಂದು ನನಗೆ ಯಾರೂ ಹೇಳಿರಲಿಲ್ಲ. ಪಿಸುಮಾತಿನಲ್ಲಿ ಕೊನೆಯ ಅಕ್ಷರ ನನಗೆ ಬೇಕಾದ ಹಾಗೆಯೇ ಕೇಳಿಸಿತು. ಅವನು ನನಗೆ ಒಳ್ಳೆಯ ಕಲ್ಲಿನ ಜಾಗ ತೋರಿಸುತ್ತಿದ್ದಾನೆ, ಬೇಟೆಗೆ ಬಂದಲ್ಲಿಯೂ ಅಂಗಡಿಯನ್ನು ನೆನೆಯುತ್ತಿದ್ದಾನೆ ಎಂದು ನನಗೆ ಅಭಿಮಾನ ಉಕ್ಕಿ ಬಂತು. ಎದ್ದು ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ದೊಡ್ಡ ಗಂಟಲಿನಲ್ಲೇ ಹೇಳಿದೆ:

"ಕಲ್ಲೇನೋ ಒಳ್ಳೆಯದೇ ಅಮ್ಮಿ! ಆದರೆ ಇಲ್ಲಿಂದ ಕೆಳಗೆ ಇಳಿಸುವ ಲಾರಿಯ ಖರ್ಚು ಕಲ್ಲಿಗಿಂತ ಜಾಸ್ತಿ ಆದೀತು!"

ಇಳಿಜಾರಿನ ಕಲ್ಲುಗಳಲ್ಲಿ ಹತ್ತು ಹನ್ನೆರಡು ಕಲ್ಲುಗಳಿಗೆ ರೆಕ್ಕೆ ಬಂತು. ಭರ್ರೆಂದು ಎದ್ದು ಕಣಿವೆಗೆ ಧುಮುಕಿದವು. ಬೂದು ಮೈ, ಕೆಂಪು ಕಾಲು, ಪಕ್ಕೆಯಲ್ಲಿ ಪಟ್ಟೆ. ನಮ್ಮೂರಿನ ಕೌಜುಗದ ಜಾತಿಯೇ, ಗಾತ್ರದಲ್ಲಿ ಅಣ್ಣ.

ಕಫೀಲ್ ಬಂದೂಕನ್ನು ತೊಡೆಯ ಮೇಲಿಟ್ಟು ನನ್ನನ್ನೇ ನೋಡಿದ. ಬೈಯಲಿಲ್ಲ. "ಸದೀಕ್, ನೀನು ಮಾರಿದ ಕಲ್ಲೂ ಹೀಗೇ ಹಾರಿ ಹೋಗುತ್ತದೆಯೇ?" ಎಂದು ಕೇಳಿದ. ಮುಂದೆ ವರ್ಷಗಟ್ಟಲೆ ಅಂಗಡಿಗೆ ಬಂದವರಿಗೆಲ್ಲ ಈ ಕತೆ ಹೇಳಿದ. ಅದರಿಂದ ನನ್ನ ವ್ಯಾಪಾರ ಬೆಳೆಯಿತು ಎನ್ನುವುದೂ ನಿಜ.

ಬಿಸಿಲೇರುವ ಹೊತ್ತಿಗೆ ಇನ್ನೊಂದು ಗುಂಪು ಸಿಕ್ಕಿತು. ಅವನು ಬಿಸ್ಮಿಲ್ಲಾ ಹೇಳಿ ಹೊಡೆದ. ಎರಡು ಬಿದ್ದವು, ಆದರೆ ನಾವು ಕೂತಲ್ಲಿಂದ ಬಹಳ ಕೆಳಗೆ. ನಾನು ಜಾರಿ, ಎಡವಿ, ಇಳಿದು ಮುಟ್ಟುವಾಗ ಎರಡೂ ತಣ್ಣಗೆ ಮಲಗಿದ್ದವು. ಆದರೂ ಚಾಕು ಹಾಕಿದೆ.

ಮನೆಗೆ ತಂದಾಗ ಅವಳು ಹಾಸಿಗೆಯಿಂದ ತಾನಾಗಿ ಎದ್ದಳು. ಅಷ್ಟು ದಿನಗಳಲ್ಲಿ ಅದೇ ಮೊದಲು. ಕಿಟಕಿಯ ಬೆಳಕಿಗೆ ಕೂತು ಹಕ್ಕಿಯನ್ನು ಮಡಿಲಿಗೆ ತೆಗೆದುಕೊಂಡಳು. ಕೆಳಕೊಕ್ಕನ್ನು ಎರಡು ಬೆರಳಲ್ಲಿ ಹಿಡಿದು ಹಕ್ಕಿಯನ್ನು ಎತ್ತಿದಳು. "ಇದು ಎಳೆಯದು. ನೋಡಿ, ಕೊಕ್ಕು ಬಗ್ಗಿತು. ಮುದಿಯದಾದ್ರೆ ಬಗ್ಗುದಿಲ್ಲ." ಅವಳ ದನಿಯಲ್ಲಿ ನಾನು ಮರೆತೇಬಿಟ್ಟಿದ್ದ ಒಂದು ಉತ್ಸಾಹವಿತ್ತು. ಪುಕ್ಕ ಸರಿಸಿ ಕುತ್ತಿಗೆ ನೋಡಿದಳು. ಕೊಯ್ದಲ್ಲಿ ರಕ್ತ ಹರಿದ ಗುರುತಿರಲಿಲ್ಲ, ಬೆರಳು ಅಲ್ಲಿಯೇ ನಿಂತಿತು.

"ಕೊಯ್ಯುವಾಗ ಒದ್ದಾಡಿತಾ?"

ನಮ್ಮ ಕಡೆಯ ಮಸೀದಿಯ ಉಸ್ತಾದರು ಕಲಿಸಿದ್ದು ಹೀಗೆ: ಗುಂಡು ತಾಗಿ ಬಿದ್ದ ಹಕ್ಕಿಗೆ ಜೀವ ಇರುವಾಗಲೇ ಚಾಕು ಮುಟ್ಟಬೇಕು. ಮುಟ್ಟುವ ಮೊದಲೇ ಸತ್ತರೆ ನಮಗೆ ಸಲ್ಲದು. ಕಫೀಲನ ಕಡೆಯವರಲ್ಲಿ ಬಿಸ್ಮಿಲ್ಲಾ ಹೇಳಿ ಗುಂಡು ಹಾರಿಸಿದರೆ, ಗುಂಡು ಮೈಯೊಳಗೆ ಹೊಕ್ಕು ಸತ್ತರೆ, ಅದೇ ಸಾಕು. ಇದನ್ನು ಬೆಟ್ಟದಿಂದ ಇಳಿಯುವಾಗಲೇ ಅವನು ನನಗೆ ತಿಳಿಸಿ ಹೇಳಿದ್ದ.

ಅಂಗಡಿಯಲ್ಲಿ ನಾನು ದಿನಕ್ಕೆ ಹತ್ತು ಸಲ 'ಇದಕ್ಕಿಂತ ಕೆಳಗೆ ನನಗೆ ಗಿಟ್ಟುವುದಿಲ್ಲ' ಎಂದು ಸುಳ್ಳು ಹೇಳುವವನು. ಒಂದು 'ಹೂಂ' ಅಂದಿದ್ದರೆ ಅವಳು ಅಂದೇ ಸಾರು ಕುಡಿಯುತ್ತಿದ್ದಳೋ ಏನೋ. ನಾಲಿಗೆಯ ತುದಿಗೆ ಬಂದಿತ್ತು. ಅವಳ ಕೈಯ ಬಳೆ ನೋಡಿದೆ. ಅವಳು ನನ್ನ ಮುಖ ನೋಡುತ್ತಿರಲಿಲ್ಲ. ನಾನು ಹೇಳುವುದನ್ನು ನಂಬಲು ತಯಾರಾಗಿಯೇ ಕೂತಿದ್ದಳು. ಅದೇ ನನ್ನನ್ನು ಕಟ್ಟಿ ಹಾಕಿತು.

"ಇಲ್ಲ," ಎಂದೆ.

ಅವಳು ಹಕ್ಕಿಯನ್ನು ಮಗುವನ್ನು ಮಲಗಿಸುವ ಹಾಗೆ ಕಾಗದದ ಮೇಲೆ ಮಲಗಿಸಿದಳು.

ಆಮೇಲೆ ನಾನು ವಾದಕ್ಕಿಳಿದೆ. "ಮಕ್ಕಾ ಈ ಬೆಟ್ಟದ ಕೆಳಗೆ ಉಂಟು. ಇಲ್ಲಿಯವರಿಗೆ ಗೊತ್ತಿಲ್ಲದ್ದು ನಿನ್ನ ಬಾಪನಿಗೆ ಗೊತ್ತುಂಟಾ?"

"ಅವರದ್ದು ಅವರಿಗೆ ಸರಿಯೇ. ನಾನು ತಪ್ಪು ಹೇಳಿದ್ನಾ? ನನ್ನ ಗಂಟಲಲ್ಲಿ ಇಳಿಯಬೇಕಲ್ಲ." ಕಾಗದವನ್ನು ಹಕ್ಕಿಯ ಮೇಲೆ ಮಡಚಿ, "ಬಾಪ ಅಂಥದ್ದನ್ನು ಕಾಡಲ್ಲೇ ಬಿಟ್ಟು ಬರ್ತಿದ್ರು. ಬರಿಗೈಯಲ್ಲಿ ಬಂದ ದಿನ ಉಮ್ಮ ಎಂತದೂ ಕೇಳ್ತಿರಲಿಲ್ಲ," ಎಂದಳು.

ಆ ಎರಡು ಹಕ್ಕಿ ಕಫೀಲನ ಮನೆಗೆ ಹೋದವು. ಒಂದು ವಾರ ಮುಗಿಯಿತು.

ಎರಡನೇ ವಾರ ನಾನು ಪಾಠಕ್ಕೆ ಕೂತೆ. ಮೇಷ್ಟರು ಅವಳು. ಹಾಸಿಗೆಯಲ್ಲೇ ದಿಂಬಿಗೆ ಒರಗಿ, ಒಂದು ಬೈರಾಸನ್ನು ಸುತ್ತಿ ಹಕ್ಕಿ ಮಾಡಿದಳು. ಬೈರಾಸೆಂದರೆ ನಮ್ಮ ಕಡೆ ಮೈ ಒರೆಸುವ ತೆಳು ಬಟ್ಟೆ. "ಎರಡೂ ರೆಕ್ಕೆ ಹಿಂದಕ್ಕೆ ಸೇರಿಸಿ ಎಡಗೈಯಲ್ಲಿ ಹಿಡೀರಿ. ಅಯ್ಯೋ ಹಾಗಲ್ಲ, ಅದು ಸಿಮೆಂಟ್ ಚೀಲ ಅಲ್ಲ! ಹೆಬ್ಬೆರಳು ದವಡೆಯ ಕೆಳಗೆ. ತಲೆ ಸ್ವಲ್ಪ ಹಿಂದೆ. ಹೂಂ. ಬಿಸ್ಮಿಲ್ಲಾ ಹೇಳಿ ಒಂದೇ ಎಳೆತ."

ನಾನು ಸ್ಟೀಲಿನ ಚಮಚದಿಂದ ಬೈರಾಸನ್ನು ಹತ್ತಾರು ಸಲ ಕೊಯ್ದೆ.

"ಅದು ಒದ್ದಾಡಿದ್ರೆ?" ಕೇಳಿದೆ.

"ಒದ್ದಾಡಲಿ ಅಂತಲೇ ಅಲ್ವಾ ನೀವು ಓಡುದು?"

ಚಾಕು ಹರಿತ ಮಾಡಿಸಿದ್ದು, ದಿನಾ ಬೆಳಿಗ್ಗೆ ತಾರಸಿಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಿದ್ದು ಆ ವಾರವೇ. ಕೆಳಗಿನ ಡ್ರೈವರುಗಳು ಬಂದು ಬಾಗಿಲು ತಟ್ಟಿ, ಮೇಲೆ ಕಳ್ಳ ಬಂದಿದ್ದಾನೆಯೇ ಎಂದು ವಿಚಾರಿಸಿದರು. ಅವಳು ಹಾಸಿಗೆಯಲ್ಲೇ ಬಾಯಿ ಮುಚ್ಚಿ ನಗುತ್ತಿದ್ದಳು. ನಗುವವಳು ಬಸಳೆ ಬಾಡಿದ ಹಾಗೆ ಬಾಡಿದ್ದಳು. ಮಜ್ಜಿಗೆಯ ತಿಳಿ, ಎರಡು ತುಂಡು ದಾಳಿಂಬೆ, ಅಷ್ಟರಲ್ಲೇ ದಿನ ಹೋಗುತ್ತಿತ್ತು.

ಓಟಕ್ಕಿಂತ ಮುಖ್ಯವಾದ ಒಂದು ವಿಷಯ ನನ್ನ ವ್ಯಾಪಾರಿ ತಲೆಗೆ ಹೊಳೆದಿತ್ತು. ಹಜಲ್ ಕಾಲಿನಲ್ಲಿ ಬೆಟ್ಟ ಹತ್ತುತ್ತದೆ, ರೆಕ್ಕೆಯಲ್ಲಿ ಇಳಿಯುತ್ತದೆ. ಹೆದರಿದಾಗ ಕೆಳಕ್ಕೇ ಹಾರುತ್ತದೆ. ಹಾಗಿದ್ದರೆ ಬಂದೂಕು ಮೇಲಿರಲಿ, ಚಾಕು ಕೆಳಗಿರಬೇಕು. ಮಾಲು ಎಲ್ಲಿ ಇಳಿಯುತ್ತದೆಯೋ ಅಲ್ಲಿ ನಿಲ್ಲುವವನಿಗೆ ವ್ಯಾಪಾರ. ಕಫೀಲನಿಗೆ ಇದನ್ನು ಹೇಳಿದಾಗ ಅವನು ತಲೆಯಾಡಿಸಿದ. ಎರಡನೇ ಗುರುವಾರ ನನ್ನನ್ನು ಕಣಿವೆಯಲ್ಲಿ ಒಂಟೆಯಷ್ಟು ದೊಡ್ಡ ಬಂಡೆಯೊಂದರ ಹಿಂದೆ ಕೂರಿಸಿ, "ನಾನು 'ಯಲ್ಲಾ' ಎಂದು ಕೂಗುವವರೆಗೆ ನಿನ್ನ ಮೂಗು ಕೂಡ ಹೊರಗೆ ಬರಬಾರದು. ನಿನ್ನ ಹೆಂಡತಿಗೆ ಹಕ್ಕಿ ಬೇಕಾಗಿದೆ, ನಿನ್ನ ಹೆಣ ಅಲ್ಲ," ಎಂದ. ಜೊತೆಗೆ ಹೋಗುವವರು ಯಾರೇ ಇರಲಿ, ಈ ಕಟ್ಟುಪಾಡನ್ನು ಮೊದಲೇ ಮಾಡಿಕೊಳ್ಳಿ. ಇದರಲ್ಲಿ ಚೌಕಾಸಿ ಇಲ್ಲ.

ಕೂತೆ. ಕಲ್ಲು ತಣ್ಣಗೆ ಬೆನ್ನಿಗೆ ಹತ್ತುತ್ತಿತ್ತು. ದೂರದಲ್ಲಿ ಕೋತಿಗಳ ಒಂದು ಹಿಂಡು ನಮ್ಮ ಗಾಡಿಯ ಹತ್ತಿರ ರೊಟ್ಟಿಯ ಚೀಲವನ್ನು ಪರೀಕ್ಷಿಸುತ್ತಿತ್ತು. ಎದ್ದು ಓಡಿಸಲು ಕೈ ಕಾಲು ತುರಿಸಿದವು, ಆದರೂ ಏಳಲಿಲ್ಲ. ಎರಡು ಗುಂಡಿನ ಸದ್ದಾಯಿತು. ನೆತ್ತಿಯ ಮೇಲೆ ರೆಕ್ಕೆಗಳ ಗಾಳಿ ಹಾದುಹೋಯಿತು. "ಯಲ್ಲಾ ಸದೀಕ್, ಯಲ್ಲಾ!"

ಒಂದು ಹಕ್ಕಿ ನನ್ನಿಂದ ಇಪ್ಪತ್ತು ಹೆಜ್ಜೆಯಲ್ಲಿ ಬಿದ್ದು ಒಂದು ರೆಕ್ಕೆ ಎಳೆಯುತ್ತ ಓಡುತ್ತಿತ್ತು. ನಾನೂ ಓಡಿದೆ. ಮೊಣಕಾಲು ಒಡೆದದ್ದು ಆಮೇಲೆ ಗೊತ್ತಾಯಿತು. ಹಿಡಿದಾಗ ಅದರ ಎದೆ ನನ್ನ ಅಂಗೈಯಲ್ಲಿ ಹೊಡೆದುಕೊಳ್ಳುತ್ತಿತ್ತು. ಅಷ್ಟು ಚಿಕ್ಕ ಮೈಯಲ್ಲಿ ಅಷ್ಟು ಬಿಸಿ. ಬೈರಾಸಿನಲ್ಲಿ ಇದು ಇರಲಿಲ್ಲ. ಒಂದು ಗಳಿಗೆ ಬಿಟ್ಟುಬಿಡೋಣ ಎನಿಸಿತು. ರೆಕ್ಕೆ ಮುರಿದದ್ದನ್ನು ಬಿಟ್ಟರೆ ನರಿ ತಿನ್ನುತ್ತದೆ ಎಂದೂ ಗೊತ್ತಿತ್ತು. ಹೆಬ್ಬೆರಳು ದವಡೆಯ ಕೆಳಗೆ ಹೋಯಿತು. ಬಿಸ್ಮಿಲ್ಲಾಹಿ ಅಲ್ಲಾಹು ಅಕ್ಬರ್. ಒಂದೇ ಎಳೆತ. ಬಿಸಿ ರಕ್ತ ಮಣಿಕಟ್ಟಿನವರೆಗೆ ಹರಿಯಿತು.

ಇನ್ನೊಂದು ಹಕ್ಕಿ ಮುಳ್ಳಿನ ಪೊದೆಯೊಳಗೆ ಬಿದ್ದಿತ್ತು. ಎಳೆದು ತೆಗೆಯುವಷ್ಟರಲ್ಲಿ ಕಣ್ಣಿನ ಮೇಲೆ ತೆರೆ ಬಂದಿತ್ತು. ಅದನ್ನು ಕಫೀಲನ ಚೀಲಕ್ಕೆ ಹಾಕಿದೆ. ನನ್ನ ಪಾಲಿಗೆ ಒಂದು. ಸುಲಿದ ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು.

ಇಲ್ಲಿಂದ ಮುಂದೆ ಅಡುಗೆ. ಗಮನ ಕೊಟ್ಟು ಓದಿ. ಹಕ್ಕಿ ಬಿದ್ದ ಸ್ಥಳದಲ್ಲೇ, ಮೈ ಆರುವ ಮೊದಲೇ, ಹೊಟ್ಟೆಯ ಒಳಗಿನದನ್ನು ತೆಗೆಯಿರಿ. ತಡಮಾಡಿದರೆ ಅದರ ಕಹಿ ಎದೆಯ ಮಾಂಸಕ್ಕೆ ಇಳಿಯುತ್ತದೆ. ಬಿಸಿನೀರಿಗೆ ಹಾಕಿ ಪುಕ್ಕ ಕೀಳಬೇಡಿ. ಒಣಗಿದ್ದಾಗಲೇ, ಪುಕ್ಕ ಬೆಳೆದ ದಿಕ್ಕಿಗೇ, ಸ್ವಲ್ಪಸ್ವಲ್ಪವಾಗಿ ಕಿತ್ತರೆ ಚರ್ಮ ಹರಿಯುವುದಿಲ್ಲ. ಚರ್ಮ ಬೇಕು, ಯಾಕೆಂದರೆ ಬೆಟ್ಟದ ಹಕ್ಕಿಗೆ ಇರುವ ಕೊಬ್ಬೆಲ್ಲ ಅಲ್ಲಿಯೇ. ಗುಂಡು ಹೊಕ್ಕ ಕಡೆ ರಕ್ತ ಕರಿಗಟ್ಟಿರುತ್ತದೆ, ಅದನ್ನು ಕತ್ತರಿಸಿ ಎಸೆಯಿರಿ. ಉಪ್ಪು, ಲಿಂಬೆರಸದ ನೀರಿನಲ್ಲಿ ಒಂದು ಗಂಟೆ ಇಟ್ಟು ತೊಳೆಯಿರಿ. ಇಷ್ಟನ್ನು ನಾನು ಹೇಳುತ್ತಿಲ್ಲ. ಆ ದಿನ ಮಧ್ಯಾಹ್ನ ತಾರಸಿಯ ಮೂಲೆಯಲ್ಲಿ ಕಂಬಳಿ ಹೊದ್ದು ಕೂತು ಅವಳು ಕೂಗಿ ಹೇಳಿದ್ದು. ಅಡುಗೆಮನೆಯ ಹೊಗೆ ಅವಳಿಗೆ ಆಗುತ್ತಿರಲಿಲ್ಲ. ಹಾಗಾಗಿ ನಾನು ಒಳಗೆ, ಅವಳು ಹೊರಗೆ.

"ಕೊತ್ತಂಬರಿ ಹುರಿದ್ರಾ?"

"ಹುರಿದೆ."

"ಪರಿಮಳ ಬಂತಾ?"

"ಬಂತು."

"ಸುಳ್ಳು. ಬಂದಿದ್ರೆ ಇಲ್ಲಿಗೂ ಬರ್ತಿತ್ತು. ಇನ್ನೂ ಹುರೀರಿ."

ಕೊತ್ತಂಬರಿ, ಕರಿಮೆಣಸು, ಚಿಟಿಕೆ ಜೀರಿಗೆ. ಊರಿನಿಂದ ಟ್ರಂಕಿನಲ್ಲಿ ತಂದ ಒಣಮೆಣಸಿನಲ್ಲಿ ಮೂರು ಹಾಕೋಣ ಎಂದೆ, ಅವಳು ಒಂದು ಸಾಕು ಎಂದಳು. ಎರಡಕ್ಕೆ ಬಂದೆ. "ಇದು ನಿಮ್ಮ ಅಂಗಡಿ ಅಲ್ಲ," ಎಂದಳು. ಒಂದೇ ಹಾಕಿದೆ. ತೆಂಗಿನೆಣ್ಣೆ ಒಂದು ಚಮಚ, ನೀರುಳ್ಳಿ, ಶುಂಠಿ, ಹಕ್ಕಿಯ ತುಂಡು. ಮಾಂಸ ಬೆಳ್ಳಗಾದ ಮೇಲೆ ಬಿಸಿನೀರು. ತಣ್ಣೀರು ಹೊಯ್ಯಲು ಹೋಗಿದ್ದೆ. ಅದು ಹೇಗೋ ಅವಳಿಗೆ ಹೊರಗಿನಿಂದಲೇ ತಿಳಿಯಿತು. ಸಣ್ಣ ಉರಿ. ಕಾಡಿನದನ್ನು ಅವಸರ ಮಾಡಿ ಬೇಯಿಸಿದರೆ ಚಪ್ಪಲಿಯ ತೊಗಲಾಗುತ್ತದೆ. ನಡುನಡುವೆ ಸೌಟು ಹಿಡಿದು ತಾರಸಿಗೆ ಓಡುತ್ತಿದ್ದೆ. ಅವಳು ನಾಲಿಗೆಯ ತುದಿಗೆ ಒಂದು ಹನಿ ಇಟ್ಟು, ಕಣ್ಣು ಮುಚ್ಚಿ, ಉಪ್ಪು ಎನ್ನುತ್ತಿದ್ದಳು, ಇಲ್ಲವೇ ಇನ್ನೂ ಎನ್ನುತ್ತಿದ್ದಳು. ನಾಲ್ಕನೇ ಸಲ ಸೌಟನ್ನು ಕೈಗೆ ತೆಗೆದುಕೊಂಡು ಖಾಲಿ ಮಾಡಿದಳು.

ಕುಸುಬಲಕ್ಕಿ ಗಂಜಿಯ ಮೇಲೆ ಸಾರು ಹಾಕಿ ಕೊಟ್ಟೆ. ನಾನು ಪಕ್ಕದಲ್ಲಿ ಬಕೆಟ್ ಇಟ್ಟುಕೊಂಡು ಕೂತೆ. ಅವಳು ಮೂರು ತುತ್ತು ತಿಂದು ನಿಲ್ಲಿಸಿದಳು. ನನ್ನ ಕೈ ಬಕೆಟ್ಟಿಗೆ ಹೋಯಿತು.

"ಅದನ್ನು ಆಚೆ ಇಡಿ ಮಾರಾಯ್ರೆ. ನೋಡಿದ್ರೇ ಬರ್ತದೆ."

ಬಕೆಟ್ಟನ್ನು ಬಚ್ಚಲಿಗೆ ಇಟ್ಟು ಬರುವಾಗ ಅವಳು ತೊಡೆಯ ತುಂಡನ್ನು ಚೀಪುತ್ತಿದ್ದಳು. ಬಾಯಿಯಿಂದ ಏನೋ ತೆಗೆದು ಅಂಗೈಯಲ್ಲಿಟ್ಟು ತೋರಿಸಿದಳು. ಸಾಸಿವೆಗಿಂತ ದಪ್ಪದ ಸೀಸದ ಗುಂಡು. "ನಿಮ್ಮ ಕಫೀಲನ ಉಡುಗೊರೆ. ನಿಮ್ಮ ಪಾಲಿನದನ್ನು ನೋಡಿ ಜಗೀರಿ, ಹಲ್ಲು ಹೋದೀತು." ಎದೆಯ ಮಾಂಸವನ್ನು ನನಗೆಂದು ತಟ್ಟೆಯ ಅಂಚಿಗೆ ಸರಿಸಿದ್ದಳು. ನಾನು ಬೇಡವೆಂದೆ. ಅವಳು ಕೇಳಲಿಲ್ಲ. ಅರ್ಧ ಅವಳ ತಟ್ಟೆಗೆ ವಾಪಸು ಹಾಕಿದೆ, ಅದರ ಅರ್ಧ ಮತ್ತೆ ನನ್ನ ಕಡೆಗೆ ಬಂತು. ಹಾಗೆಯೇ ಮುಗಿಯಿತು. ಇಳಿಹೊತ್ತಿನ ಅಸರ್ ನಮಾಜಿನ ಬಾಂಗ್ ಕೂಗಿದರು, ಬಿಸಿಲು ಗೋಡೆ ಹತ್ತಿತು. ತಿಂದದ್ದು ಒಳಗೇ ಉಳಿಯಿತು.

ಒಂದು ಹಕ್ಕಿಯಿಂದ ಯಾರೂ ಮೈ ಕೈ ತುಂಬಿಕೊಳ್ಳುವುದಿಲ್ಲ. ಅಷ್ಟು ನನಗೂ ಗೊತ್ತು. ಆದರೆ ಮರುದಿನ ಅವಳು ಉಳಿದ ಸಾರಿಗೆ ಗಂಜಿ ಕಲಸಿಕೊಂಡಳು. ಅದರ ಮರುದಿನ ಬರೀ ಗಂಜಿ, ಉಪ್ಪಿನಕಾಯಿ. ಮೂರನೇ ಗುರುವಾರ ಮತ್ತೆ ಬೆಟ್ಟಕ್ಕೆ ಹೋದೆ, ಎರಡು ಸಿಕ್ಕಿದವು, ಎರಡಕ್ಕೂ ಜೀವ ಇರುವಾಗಲೇ ಮುಟ್ಟಿದೆ. ಕಫೀಲ್ ನನ್ನ ಒಡೆದ ಮೊಣಕಾಲು ನೋಡಿ, "ನನ್ನ ನಾಯಿಯೂ ಇಷ್ಟು ಬೇಗ ಓಡುತ್ತಿರಲಿಲ್ಲ," ಎಂದ. ಅವನ ಬಾಯಲ್ಲಿ ಅದು ಹೊಗಳಿಕೆ. ಅವನ ಹೆಂಡತಿ ಒಂದು ಡಬ್ಬಿ ಜೇನು ಕಳಿಸಿದರು.

ಗಡುವಿನ ದಿನ ಆಸ್ಪತ್ರೆಗೆ ಹೋದೆವು. ಅವಳು ತೂಕದ ಯಂತ್ರ ಹತ್ತುವಾಗ ನಾನು ಮುಳ್ಳನ್ನೇ ನೋಡುತ್ತಿದ್ದೆ. ಇಳಿದದ್ದೆಲ್ಲ ಏರಿರಲಿಲ್ಲ. ಆದರೆ ಏರಲು ಶುರುವಾಗಿತ್ತು. ಡಾಕ್ಟರಮ್ಮ ಕಾಗದದಲ್ಲಿ ಬರೆದು, "ಏನು ಕೊಟ್ಟಿರಿ?" ಎಂದು ಕೇಳಿದರು. ನಾನು ಹಜಲಿನ ಕತೆ ಸುರು ಮಾಡಿದೆ. ಗಾಳಿಯ ದಿಕ್ಕಿನವರೆಗೆ ಬಂದಿದ್ದೆ, ಅವರು ಕೈ ಎತ್ತಿ ತಡೆದರು.

"ಈಗ ಇವರಿಗೆ ಪ್ರಯಾಣ ಮಾಡುವಷ್ಟು ತ್ರಾಣ ಇದೆ. ಇಲ್ಲೇ ಇರುವಷ್ಟೂ ಇದೆ. ಎರಡೂ ಆಗುತ್ತದೆ. ಯಾವುದು?"

"ಇಲ್ಲೇ ಇರ್ತಾಳೆ. ನಾನು ಆಗಲೇ..."

"ನಿಮ್ಮನ್ನು ಕೇಳಲಿಲ್ಲ. ನೀವು ಸ್ವಲ್ಪ ಸುಮ್ಮನಿರಿ." ಕುರ್ಚಿಯನ್ನು ಅವಳ ಕಡೆ ತಿರುಗಿಸಿ, ಒಂದೊಂದೇ ಶಬ್ದವನ್ನು ಬಿಡಿಸಿ ಉರ್ದುವಿನಲ್ಲಿ ಕೇಳಿದರು, "ನೀನು ಹೇಳಮ್ಮ. ನಿನಗೆ ತಾಯಿಯ ಹತ್ತಿರ ಹೋಗಬೇಕೆ?"

ಮೂರು ವಾರ ನಾನು ಬೆಟ್ಟ ಹತ್ತಿ ಇಳಿದದ್ದು ಅವಳನ್ನು ಉಳಿಸಿಕೊಳ್ಳಲು. ಅವಳು ತಿಂದದ್ದು ಹೋಗುವ ಶಕ್ತಿ ಬರಲೆಂದೇ ಇರಬಹುದಲ್ಲ ಎಂದು ಆಗ ಮೊದಲ ಸಲ ಅನ್ನಿಸಿತು. ಹೂಂ ಎಂದರೆ ಕಳಿಸುವುದೇ ಸರಿ ಎಂದೂ ಅನ್ನಿಸಿತು.

ಅವಳು ಜಾರಿದ ಬಳೆಯನ್ನು ಮಣಿಕಟ್ಟಿಗೆ ಸರಿಸಿಕೊಂಡಳು.

"ಉಮ್ಮನನ್ನು ನೋಡ್ಬೇಕು ಅಂತ ದಿನಾ ಅನ್ನಿಸ್ತದೆ," ಎಂದಳು ಬ್ಯಾರಿಯಲ್ಲಿ, ನನಗೆ. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, ತನಗೆ ಬಂದಷ್ಟು ಉರ್ದುವಿನಲ್ಲಿ, ಹೇಳಿದಳು: "ನಹೀಂ ಜಾತೀ, ಹೋಗುದಿಲ್ಲ. ಇವರಿಗೆ ಸಾರು ಮಾತ್ರ ಬರ್ತದೆ. ರೊಟ್ಟಿ ಇನ್ನೂ ಬರುದಿಲ್ಲ."

ಡಾಕ್ಟರಮ್ಮ ಕಾಗದದ ಮೇಲೆ ಬಾಗಿ ನಕ್ಕರು. ನಾನು ಕಿಟಕಿಯ ಹೊರಗೆ ನೋಡಿದೆ. ಕಣ್ಣು ಒರೆಸಿಕೊಳ್ಳಲು ಕರ್ಚೀಪು ಹುಡುಕಿದರೆ ಅದು ಮೊಣಕಾಲಿಗೆ ಕಟ್ಟಿತ್ತು.

ಹೊರಗೆ ಪಿಕಪ್ಪಿನಲ್ಲಿ ಕೂತ ಮೇಲೆ ಅವಳು ಬಾಗಿಲು ಸರಿಯಾಗಿ ಹಾಕಿದೆಯೇ ಎಂದು ಎಳೆದು ನೋಡಿಕೊಂಡಳು. "ಮಾರ್ಕೆಟ್ಟಿಗೆ ಹೋಗಿ. ಬೆಳ್ತಿಗೆ ಅಕ್ಕಿ ಬೇಕು, ಒಂದು ಹಂಚು ಬೇಕು. ಇವತ್ತೇ ಸುರು ಮಾಡುವ."

"ಎಂತದು?"

"ರೊಟ್ಟಿ ಮಾರಾಯ್ರೆ. ನೀವು ತಟ್ಟಿ, ನಾನು ಹೊರಗೆ ಕೂತು ಹೇಳ್ತೇನೆ."